ನೇರ ಹಾರಾಟವೋ, ಸರಕಿನ ಕೇಂದ್ರವೋ?

2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನಡುವೆ ನೇರ ವಿಮಾನ ಆರಂಭಿಸಿತು. ಸುಮಾರು 14,000 ಕಿ.ಮೀ.ಗಳನ್ನು ಎಲ್ಲಿಯೂ ಇಳಿಯದೆ ಕ್ರಮಿಸುವುದು ಸಾಧನೆಯೇ ಸರಿ. ಆದರೆ ಸರಕು ಕಳುಹಿಸುವ ವರ್ತಕನು ಇದರ ಜಮಾ-ಖರ್ಚನ್ನು ಪ್ರಯಾಣಿಕನ ದೃಷ್ಟಿಯಿಂದ ನೋಡಲಾಗದು.

ದೂರ ಹೆಚ್ಚಿದಂತೆ ಇಂಧನದ ಭಾರ ಹೆಚ್ಚುತ್ತದೆ. ಆ ಇಂಧನವನ್ನು ಹೊರಲು ಮತ್ತಷ್ಟು ಇಂಧನ ಬೇಕಾಗುತ್ತದೆ. ಅಷ್ಟರಮಟ್ಟಿಗೆ ಸರಕಿನ ಅವಕಾಶ ಕುಗ್ಗುತ್ತದೆ. ಸಿಂಗಪುರ ಏರ್‌ಲೈನ್ಸ್‌ನ ನ್ಯೂಯಾರ್ಕ್ ಪ್ರದೇಶದ ನೇರ ಸಂಚಾರವು 2013ರಲ್ಲಿ ನಿಂತುಹೋಯಿತು. 2018ರಲ್ಲಿ ಪುನರಾರಂಭವಾದಾಗ ವಿಮಾನದಲ್ಲಿದ್ದುದು ಮೇಲ್ದರ್ಜೆಯ 161 ಆಸನಗಳು ಮಾತ್ರ. ಮುಂಭಾಗದ ಸರಕು ಕೋಣೆಯನ್ನು ಬಳಕೆಯಿಂದ ಕೈಬಿಡಲಾಗಿತ್ತು.

ದುಬೈ, ದೋಹಾದಂತಹ ಕೇಂದ್ರಗಳಲ್ಲಿ ಹಲವು ಊರುಗಳ ಸರಕು ಒಂದೆಡೆ ಸೇರಿ ಹಲವು ದಿಕ್ಕುಗಳಿಗೆ ಹಂಚಿಹೋಗುತ್ತದೆ. ಹೀಗಾಗಿ ಸಣ್ಣ ರಫ್ತುದಾರನಿಗೂ ಸ್ಥಳ ದೊರೆಯುತ್ತದೆ. ಆದರೂ 2025ರ ಜೂನ್‌ನಲ್ಲಿ ಕತಾರ್ ತನ್ನ ವಾಯುಪ್ರದೇಶವನ್ನು ತಾತ್ಕಾಲಿಕವಾಗಿ ಮುಚ್ಚಿದ್ದು ಪರದೇಶದ ಕೇಂದ್ರವನ್ನೇ ನೆಚ್ಚುವುದರ ಅಪಾಯವನ್ನು ತೋರಿಸಿತು.

ಆದ್ದರಿಂದ ಇಂತಹ ಕೇಂದ್ರಗಳು ನಮ್ಮ ನೆಲದಲ್ಲೇ ಬೆಳೆಯಬೇಕು. ವಳಕಮದಿನ್ನಿ, ಮಸ್ಕಿ, ಸಿಂಧನೂರು ಭಾಗದ ಅಕ್ಕಿ ಹಡಗಿನಲ್ಲೇ ಹೋಗಲಿ. ಅದಕ್ಕೆ ವಿಮಾನದ ಬಾಡಿಗೆ ಗಿಟ್ಟದು. ಆದರೆ ಮಾದರಿ ಸರಕು, ಗಿರಣಿಗಳ ತುರ್ತು ಬಿಡಿಭಾಗ, ತಾಜಾ ತರಕಾರಿಗಳಿಗೆ ವಿಮಾನವೇ ಬೇಕು. ಸಿಂಧನೂರಿಗೆ ಬೆಂಗಳೂರಿಗಿಂತ ಹೈದರಾಬಾದೇ ಸಮೀಪ. ವಾಣಿಜ್ಯ ಸಂಸ್ಥೆಗಳು ಮತ್ತೊಂದು ನೇರ ವಿಮಾನಕ್ಕೆ ಮನವಿ ಸಲ್ಲಿಸುವ ಮುನ್ನ, ಈ ಎರಡು ನಿಲ್ದಾಣಗಳಿಗೂ ಶೀತಲ ಸಾಗಾಟ, ಸಣ್ಣ ಸರಕುಗಳ ಒಗ್ಗೂಡಿಕೆ, ಶೀಘ್ರ ಸುಂಕ ತಪಾಸಣೆ ದೊರೆಯುವಂತೆ ಒತ್ತಾಯಿಸುವುದು ಲಾಭಕರ.