ಮನೆವಾರ್ತೆ: ಬೆಕ್ಕಿನ ಕಾಯಿಲೆಯೂ ಮನೆಯ ಲೆಕ್ಕವೂ

ಸಂಸಾರದ ಖರ್ಚುಗಳಲ್ಲಿ ಮುಂದಾಗಿ ತಿಳಿದು ಬರುವವು ಕೆಲವು. ಹೇಳದೆ ಕೇಳದೆ ಬರುವವು ಕೆಲವು. ಬಾಡಿಗೆ, ದಿನಸಿ, ಮಕ್ಕಳ ಶಾಲೆಯ ಶುಲ್ಕ ಇವು ಮೊದಲನೆಯ ಬಗೆಗೆ ಸೇರತಕ್ಕವು. ರೋಗರುಜಿನಗಳು ಎರಡನೆಯವು. ಈ ಎರಡನೆಯ ಬಗೆಯಲ್ಲಿಯೂ, ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಸಂಕೋಚವಾಗುವ ಖರ್ಚೊಂದುಂಟು: ಸಾಕಿದ ಬೆಕ್ಕಿನ ಔಷಧೋಪಚಾರ. ಮನುಷ್ಯರಿಗೆ ಕಾಯಿಲೆಯಾದರೆ ನೆಂಟರು ಬಂದು ವಿಚಾರಿಸುವರು. ಹಸುವಿಗಾದರೆ ನೆರೆಯವರು ಮರುಗುವರು; ಹಾಲಿನ ಲೆಕ್ಕ ಎಲ್ಲರಿಗೂ ತಿಳಿದದ್ದೇ. ಬೆಕ್ಕಿಗಾದರೋ, "ಬೀದಿಯಲ್ಲಿ ಬೇಕಾದಷ್ಟು ಇವೆ, ಇನ್ನೊಂದನ್ನು ತಂದರಾಯಿತು" ಎಂಬ ಮಾತು ಬರುವುದು. ಹತ್ತು ವರ್ಷ ಮಡಿಲಲ್ಲಿ ಮಲಗಿದ ಪ್ರಾಣಿಯ ವಿಷಯದಲ್ಲಿ ಇದು ಸಮಾಧಾನದ ಮಾತಲ್ಲ.

ಭದ್ರಾವತಿಯ ಒಂದು ಸಾಧಾರಣ ಮನೆಯನ್ನು ಭಾವಿಸೋಣ. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಊರು ಅದು. ಅಲ್ಲಿನ ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತ ಮೇಲೆ, ಕೈಬಿಗಿ ಹಿಡಿದು ಖರ್ಚು ಮಾಡುವುದನ್ನು ಅನೇಕ ಕುಟುಂಬಗಳು ಕಲಿಯಬೇಕಾಯಿತು. ಅಂಥ ಮನೆಯ ಹೆಣ್ಣು ಬೆಕ್ಕಿನ ಹೊಟ್ಟೆಯ ಮೇಲೆ, ಮೊಲೆಯ ಪಕ್ಕದಲ್ಲಿ, ಕಡಲೆಕಾಳಿನಷ್ಟು ಗಂಟೊಂದು ಕೈಗೆ ಸಿಕ್ಕಿತೆನ್ನಿ. ಮನೆಯವರು ಏನು ಮಾಡತಕ್ಕದ್ದು?

ಮೊದಲನೆಯ ಮಾತು, ಕಾಯಕೂಡದು. ಬೆಕ್ಕುಗಳಲ್ಲಿ ಮೊಲೆಯ ಗಂಟುಗಳ ಪೈಕಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಅರ್ಬುದರೋಗದವೇ, ಎಂದರೆ ಕ್ಯಾನ್ಸರಿನವೇ, ಆಗಿರುವುವು. ಅದರಲ್ಲಿ ಗಂಟಿನ ಗಾತ್ರವೇ ಮುಖ್ಯ. ಶಸ್ತ್ರಚಿಕಿತ್ಸೆಯ ವೇಳೆಗೆ ಗಂಟು 2 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದ ಬೆಕ್ಕುಗಳಲ್ಲಿ ಅರ್ಧದಷ್ಟಾದರೂ ಮೂರು ವರ್ಷಕ್ಕಿಂತ ಹೆಚ್ಚು ಬದುಕಿದುದನ್ನೂ, 3 ಸೆಂಟಿಮೀಟರನ್ನು ಮೀರಿದವುಗಳಲ್ಲಿ ಈ ಅವಧಿ ಸುಮಾರು ಅರ್ಧ ವರ್ಷಕ್ಕೆ ಇಳಿದುದನ್ನೂ ಪಶುವೈದ್ಯರು ಕಂಡಿದ್ದಾರೆ. ಆದಕಾರಣ ಹಣ ಕೂಡಿಬರಲೆಂದು ಮೂರು ತಿಂಗಳು ತಡೆಯುವುದು ಉಳಿತಾಯವಲ್ಲ. ಚಿಕ್ಕ ಖರ್ಚನ್ನು ದೊಡ್ಡದು ಮಾಡಿಕೊಳ್ಳುವ ದಾರಿ.

ಎರಡನೆಯದು, ಸಮೀಪದಲ್ಲಿ ಇರುವ ನೆರವನ್ನು ತಿಳಿದಿರಬೇಕು. ಭದ್ರಾವತಿಯಲ್ಲಿ ಪಶುಪಾಲನಾ ಇಲಾಖೆಯ ಆಸ್ಪತ್ರೆಯುಂಟು. ಮೊದಲ ಪರೀಕ್ಷೆಗೆ ಅದು ಸಾಕು. ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರಿನ ದೂರದಲ್ಲಿ, ಶಿವಮೊಗ್ಗದ ವಿನೋಬನಗರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಪಶುವೈದ್ಯಕೀಯ ಮಹಾವಿದ್ಯಾಲಯವೂ ಅದರ ಚಿಕಿತ್ಸಾಲಯವೂ ಇವೆ. ವಿದ್ಯಾರ್ಥಿಗಳು ಕಲಿಯುವ ಸ್ಥಳವಾದುದರಿಂದ ಪ್ರಾಧ್ಯಾಪಕರ ಕಣ್ಣು ರೋಗಿಯ ಮೇಲಿರುವುದು. ಶುಲ್ಕವೂ ಖಾಸಗಿ ಚಿಕಿತ್ಸಾಲಯಗಳಿಗಿಂತ ಸಾಮಾನ್ಯವಾಗಿ ಕಡಿಮೆ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಸ್ಥಾಪಿತವಾದ ಹಿರಿಯ ಮಹಾವಿದ್ಯಾಲಯವಿದೆ. ಆದರೆ ಇನ್ನೂರೈವತ್ತು ಕಿಲೋಮೀಟರಿಗೂ ಮೀರಿದ ಪ್ರಯಾಣದ ವೆಚ್ಚವನ್ನೂ, ಬುಟ್ಟಿಯಲ್ಲಿ ಕುಳಿತ ಬೆಕ್ಕಿನ ಭಯವನ್ನೂ ಲೆಕ್ಕಕ್ಕೆ ಹಿಡಿಯದೆ ಹೊರಡಬಾರದು. ಶಿವಮೊಗ್ಗದ ವೈದ್ಯರು ಹೋಗಿರೆಂದರೆ ಮಾತ್ರ ಹೋಗುವುದು ಲೇಸು.

ಖರ್ಚಿನಲ್ಲಿ ಮೂರು ಭಾಗಗಳನ್ನು ಬೇರೆ ಬೇರೆಯಾಗಿ ನೋಡಬೇಕು. ರೋಗವನ್ನು ಗುರುತಿಸುವುದು ಒಂದು: ಸೂಜಿಯಿಂದ ಗಂಟಿನ ಕಣಗಳನ್ನು ತೆಗೆದು ನೋಡುವುದು, ರಕ್ತಪರೀಕ್ಷೆ, ಶ್ವಾಸಕೋಶಕ್ಕೆ ಹಬ್ಬಿದೆಯೇ ಎಂದು ತಿಳಿಯಲು ಎದೆಯ ಎಕ್ಸ್‌ರೇ. ಇದಕ್ಕೆ ಕೈ ಹಿಡಿಯಬಾರದು. ಶ್ವಾಸಕೋಶಕ್ಕೆ ಹಬ್ಬಿದ್ದರೆ ದೊಡ್ಡ ಶಸ್ತ್ರಚಿಕಿತ್ಸೆಯಿಂದ ಫಲ ಕಡಿಮೆ. ಎಕ್ಸ್‌ರೇಗೆ ಕೊಟ್ಟ ಹಣ ಆ ದೊಡ್ಡ ಹಣವನ್ನೂ, ಪ್ರಾಣಿಯ ವ್ಯರ್ಥ ನೋವನ್ನೂ ಉಳಿಸುವುದು. ಶಸ್ತ್ರಚಿಕಿತ್ಸೆ ಎರಡನೆಯದು. ಆಮೇಲಿನ ಔಷಧವೂ ಮರುಪರೀಕ್ಷೆಗಳೂ ಮೂರನೆಯವು; ಮನೆಯವರು ಮರೆಯುವುದು ಹೆಚ್ಚಾಗಿ ಇದನ್ನೇ.

ಆದಕಾರಣ ವೈದ್ಯರನ್ನು ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಕಾಗದದಲ್ಲಿ ಬರೆದುಕೊಳ್ಳಿರಿ. ಚಿಕಿತ್ಸೆಯಿಂದ ಎಷ್ಟು ಕಾಲ ದೊರೆಯಬಹುದು? ಆ ಕಾಲ ಸುಖವಾಗಿ ಕಳೆಯುವುದೇ, ನೋವಿನಲ್ಲಿಯೇ? ಮೊದಲಿನಿಂದ ಕೊನೆಯವರೆಗೆ ಒಟ್ಟು ವೆಚ್ಚ ಎಷ್ಟು? ರೋಗವನ್ನು ಬಿಟ್ಟು ನೋವನ್ನು ಮಾತ್ರ ಶಮನ ಮಾಡುವುದಾದರೆ ಎಷ್ಟು? ಒಳ್ಳೆಯ ವೈದ್ಯರು ಇವುಗಳಿಂದ ಬೇಸರಪಡುವುದಿಲ್ಲ. ತಮ್ಮ ಕೈಯಲ್ಲಿರುವ ಹಣವೆಷ್ಟೆಂದು ಹೇಳಿಬಿಡುವುದೂ ಅವಮಾನವಲ್ಲ. ಹೇಳಿದರೆ ಅದಕ್ಕೆ ಹೊಂದುವ ಮಾರ್ಗವನ್ನು ಅವರು ಸೂಚಿಸಬಹುದು. ಉದಾಹರಣೆಗೆ, ಕರುಳಿನಲ್ಲಿ ನಿಧಾನವಾಗಿ ಬೆಳೆಯುವ ಒಂದು ಬಗೆಯ ಲಿಂಫೋಮಾಕ್ಕೆ ಮನೆಯಲ್ಲಿಯೇ ಕೊಡುವ ಮಾತ್ರೆಗಳು ಅನೇಕ ವೇಳೆ ವರ್ಷಗಟ್ಟಲೆ ಆರಾಮ ಕೊಡುವುವು. ಕ್ಯಾನ್ಸರೆಂದ ಮಾತ್ರಕ್ಕೆ ಎಲ್ಲವೂ ಒಂದೇ ರೋಗವಲ್ಲ, ಒಂದೇ ವೆಚ್ಚವೂ ಅಲ್ಲ.

ಇನ್ನು ಮನೆಯ ಲೆಕ್ಕ. ತಿಂಗಳಿಗೆ 30,000 ರೂಪಾಯಿ ವರಮಾನವಿದ್ದು, ಎಲ್ಲ ಕಳೆದು 3,000 ಉಳಿಯುವುದೆಂದು ಇಟ್ಟುಕೊಳ್ಳಿರಿ. ಆರು ತಿಂಗಳಿಗೆ 18,000. ಅದರಲ್ಲಿ ಮೂರನೆಯ ಒಂದು ಪಾಲನ್ನು ಮನುಷ್ಯರ ಆಪತ್ತಿಗೆ ಮೀಸಲಿಟ್ಟರೆ ಬೆಕ್ಕಿಗೆ 12,000. ಈ ಮೇರೆಯನ್ನು ಗಂಡಹೆಂಡಿರು ಒಟ್ಟಿಗೆ ಕುಳಿತು, ಚಿಕಿತ್ಸೆ ಆರಂಭವಾಗುವುದಕ್ಕೆ ಮೊದಲೇ ಗೊತ್ತುಮಾಡಬೇಕು. ಆಸ್ಪತ್ರೆಯ ಬಾಗಿಲಲ್ಲಿ, ಕಣ್ಣೀರಿನ ನಡುವೆ ಗೊತ್ತುಮಾಡಿದ ಮೇರೆ ಮೇರೆಯೇ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಪ್ರೀತಿಗೆ ವಿರೋಧವಲ್ಲ. ಪ್ರೀತಿ ಸಾಲಗಾರರ ಕೈಗೆ ಸಿಕ್ಕದಿರಲೆಂದು ಹೇಳಿದ್ದು. ಮಗಳ ಓದಿಗೆ ಇಟ್ಟ ಹಣವನ್ನಾಗಲಿ, ಮಾಂಗಲ್ಯದ ಸರವನ್ನಾಗಲಿ ಇದಕ್ಕೆ ಒತ್ತೆ ಇಡಬಾರದು. ಸಾಕುಪ್ರಾಣಿಗಳ ವಿಮೆ ಈಗ ನಮ್ಮ ದೇಶದಲ್ಲಿಯೂ ಉಂಟು. ಆದರೆ ರೋಗ ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ವಿಮೆ ಸಾಮಾನ್ಯವಾಗಿ ದೊರೆಯದು. ಬಂಧುಮಿತ್ರರಿಂದ ನೆರವು ಪಡೆದರೆ ರಸೀತಿಗಳನ್ನು ತೋರಿಸಿ ಲೆಕ್ಕ ಒಪ್ಪಿಸಿರಿ. ಮುಂದೆ ಸಂಬಂಧ ಕೆಡದು.

ಹಣ ಉಳಿಸಲು ಹೋಗಿ ಪ್ರಾಣ ಕಳೆಯುವ ಕೆಲಸವೊಂದನ್ನು ಇಲ್ಲಿ ಎಚ್ಚರಿಸಬೇಕು. ಮನೆಯಲ್ಲಿರುವ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಕೊಲ್ಲಬಲ್ಲದು. ನೋವಿಗೆ ವೈದ್ಯರು ಬರೆದ ಔಷಧವನ್ನೇ, ಹೇಳಿದ ಪ್ರಮಾಣದಲ್ಲಿಯೇ ಕೊಡತಕ್ಕದ್ದು. ಕ್ಯಾನ್ಸರಿನ ಮಾತ್ರೆಗಳನ್ನು ಕೈಚೀಲ ತೊಟ್ಟು ಮುಟ್ಟಬೇಕು. ಅವನ್ನೂ ಬೆಕ್ಕಿನ ಮಲಮೂತ್ರಗಳನ್ನೂ ಬಸುರಿಯರು ಮುಟ್ಟಕೂಡದು.

ಮೇರೆ ಮುಟ್ಟಿದ ಮೇಲೆ, ಅಥವಾ ರೋಗವೇ ಮುಂದೆ ಹೋಗಿದ್ದರೆ, ಮನೆಯವರು ಕೈಬಿಟ್ಟರೆಂದು ತಿಳಿಯಬಾರದು. ನೋವು ಕಳೆಯುವ ಔಷಧ, ಬೆಚ್ಚಗಿನ ಮೂಲೆ, ಸ್ವಲ್ಪ ಬಿಸಿಮಾಡಿದ ಮೀನಿನ ಅನ್ನ, ಪರಿಚಿತವಾದ ಕೈ ಇವೂ ಚಿಕಿತ್ಸೆಯೇ. ಬೆಕ್ಕು ನೋವನ್ನು ಕೂಗಿ ಹೇಳುವ ಪ್ರಾಣಿಯಲ್ಲ. ಮೂಲೆ ಸೇರುವುದು, ಮೈ ನೆಕ್ಕಿಕೊಳ್ಳುವುದನ್ನು ಬಿಡುವುದು, ಮುದುಡಿ ಕೂರುವುದು, ತಟ್ಟೆಯ ಮುಂದೆ ಕುಳಿತೂ ತಿನ್ನದಿರುವುದು ಅದರ ಭಾಷೆ. ಪ್ರತಿ ಸಂಜೆ ದಿನದರ್ಶಿಕೆಯಲ್ಲಿ ಒಳ್ಳೆಯ ದಿನಕ್ಕೊಂದು, ಕೆಟ್ಟ ದಿನಕ್ಕೊಂದು ಗುರುತು ಹಾಕಿರಿ. ಕೆಟ್ಟ ಗುರುತುಗಳು ಹೆಚ್ಚಿದಾಗ, ನೋವಿಲ್ಲದ ಮರಣವನ್ನು ಕುರಿತು ವೈದ್ಯರೊಡನೆ ಮಾತನಾಡುವುದು ಕ್ರೌರ್ಯವಲ್ಲ. ಇದನ್ನು ಒಪ್ಪದ ಹಿರಿಯರಿದ್ದರೆ ಅವರಿಗೆ ಆ ಗುರುತುಗಳನ್ನೇ ತೋರಿಸಬಹುದು. ಮಕ್ಕಳಿಗೆ "ಎಲ್ಲಿಯೋ ಓಡಿಹೋಯಿತು" ಎಂದು ಸುಳ್ಳು ಹೇಳಬೇಡಿರಿ. ಅವರು ಬಾಗಿಲ ಕಡೆ ನೋಡುತ್ತ ತಿಂಗಳುಗಟ್ಟಲೆ ಕಾಯುವರು.

ಕೊನೆಯದಾಗಿ, ಬರುವ ಖರ್ಚನ್ನು ಬಾರದಂತೆ ಮಾಡುವ ಉಪಾಯ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಹೆಣ್ಣು ಬೆಕ್ಕಿಗೆ ಆರು ತಿಂಗಳು ತುಂಬುವ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮೊಲೆಯ ಕ್ಯಾನ್ಸರಿನ ಅಪಾಯ ಶೇಕಡ 91ರಷ್ಟು ತಗ್ಗುವುದು. ಒಂದು ವರ್ಷದೊಳಗೆ ಮಾಡಿಸಿದರೆ ಶೇಕಡ 86ರಷ್ಟು. ಬೆದೆಗೆ ಬಾರದಿರಲೆಂದು ಹಾಕಿಸುವ ಹಾರ್ಮೋನಿನ ಚುಚ್ಚುಮದ್ದು ಅಪಾಯವನ್ನು ಹೆಚ್ಚಿಸುವುದು, ಅದು ಬೇಡ. ಬಿಳಿಯ ಬೆಕ್ಕಿಗೆ ಮಧ್ಯಾಹ್ನದ ಬಿಸಿಲಿನಿಂದ ಕಿವಿಯ ತುದಿಯಲ್ಲಿಯೂ ಮೂಗಿನಲ್ಲಿಯೂ ಕ್ಯಾನ್ಸರ್ ಹುಟ್ಟಬಹುದು. ಆ ಹೊತ್ತಿನಲ್ಲಿ ಒಳಗಿರಿಸಿರಿ. ವಾರಕ್ಕೊಮ್ಮೆ, ಮಡಿಲಲ್ಲಿ ಮಲಗಿರುವಾಗ, ಹೊಟ್ಟೆಯ ಉದ್ದಕ್ಕೂ ಬೆರಳಾಡಿಸಿ ನೋಡಿರಿ. ಎರಡು ನಿಮಿಷದ ಕೆಲಸ, ಕಾಸು ಖರ್ಚಿಲ್ಲ. ಬೆಕ್ಕಿಗೂ ಅದು ಮುದ್ದೆಂದೇ ತೋರುವುದು.