ಗಡಿ ದಾಟಿದರೆ ಬದಲಾಗುವ ಚಿಕಿತ್ಸೆ: ರಾಜಧಾನಿ ಕನ್ನಡಿಗರು ಅರಿಯಬೇಕಾದ್ದು

ನವದೆಹಲಿ: ಮಯೂರ ವಿಹಾರದಿಂದ ನೋಯ್ಡಾಕ್ಕೆ ಮೆಟ್ರೋದಲ್ಲಿ ಕೆಲವೇ ನಿಲ್ದಾಣಗಳ ದಾರಿ. ರಾಜ್ಯೋತ್ಸವ, ನಾಟಕ, ಯುಗಾದಿ ಎಂದರೆ ಎರಡೂ ಕಡೆಯ ಕನ್ನಡಿಗರು ಒಂದೇ ಸಭಾಂಗಣದಲ್ಲಿ ಕೂರುತ್ತಾರೆ. ಕಾಯಿಲೆ ಬಿದ್ದಾಗ ಮಾತ್ರ ಇವರು ಬೇರೆ ಬೇರೆ ರಾಜ್ಯಗಳವರಾಗುತ್ತಾರೆ. ದೇಶದ ಆರೋಗ್ಯ ವ್ಯವಸ್ಥೆ ಎಷ್ಟು ನ್ಯಾಯವಾಗಿದೆ ಎಂಬ ಚರ್ಚೆಗೆ ದೆಹಲಿ ಮತ್ತು ಸುತ್ತಲಿನ ಊರುಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಭರಿಸುವ ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರ್ 23ರಂದು ಆರಂಭವಾಯಿತು. ಉತ್ತರ ಪ್ರದೇಶ, ಹರಿಯಾಣ ಆಗಲೇ ಸೇರಿದವು. ದೆಹಲಿ ಸೇರಿದ್ದು 2025ರ ಏಪ್ರಿಲ್‌ನಲ್ಲಿ. ಅಂದರೆ ಆರೂವರೆ ವರ್ಷ, ಒಂದೇ ಬಗೆಯ ಅಡುಗೆ ಕೆಲಸ ಮಾಡುವ ಇಬ್ಬರಲ್ಲಿ ಘಾಜಿಯಾಬಾದಿನವನಿಗೆ ಕಾರ್ಡ್ ಸಿಗಬಹುದಿತ್ತು, ಶಾಹದರಾದವನಿಗೆ ಇಲ್ಲ.

ಇದಕ್ಕೆ ದೆಹಲಿಯ ಅಂದಿನ ಸರ್ಕಾರ ಕೊಟ್ಟ ಸಮರ್ಥನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಚಿಕಿತ್ಸೆ, ಔಷಧಿ ಉಚಿತ, ಮೊಹಲ್ಲಾ ಕ್ಲಿನಿಕ್‌ಗಳಿವೆ, ವಿಮೆಯ ಕಾರ್ಡ್ ಏಕೆ ಎಂಬುದು ಅದರ ವಾದ. ಇದರಲ್ಲಿ ಒಂದು ಸತ್ಯವಿದೆ. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ದಾಖಲಾದವರ ವೆಚ್ಚಕ್ಕೆ ಮಾತ್ರ. ತಿಂಗಳು ತಿಂಗಳು ಬೇಕಾಗುವ ಸಕ್ಕರೆ ಕಾಯಿಲೆಯ ಮಾತ್ರೆಗೆ, ಹೊರರೋಗಿ ವಿಭಾಗದ ತಪಾಸಣೆಗೆ ಅದು ಬಾರದು. ಆದರೆ ಇನ್ನೊಂದು ಕಡೆಯ ಸತ್ಯವೂ ಅಷ್ಟೇ ದೊಡ್ಡದು. ಹೃದಯದ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಸರದಿ ಕಾಯುವವನಿಗೆ ಬೀದಿ ಕೊನೆಯ ಕ್ಲಿನಿಕ್ ಏನು ಮಾಡೀತು? ಬೇಕಾದದ್ದು ಎರಡೂ. ರಾಜಕೀಯ ಮಾತ್ರ ಜನರಿಗೆ ಒಂದನ್ನು ಆರಿಸಿಕೊಳ್ಳಿ ಎಂದಿತು.

ವಿಳಾಸ ನೋಡಿ ಚಿಕಿತ್ಸೆ ಕೊಡುವ ಯತ್ನಗಳೂ ಇಲ್ಲಿ ನಡೆದಿವೆ. 2018ರ ಅಕ್ಟೋಬರ್‌ನಲ್ಲಿ ಗುರು ತೇಗ್ ಬಹಾದ್ದೂರ್ ಆಸ್ಪತ್ರೆಯ ಶೇ. 80ರಷ್ಟು ಹಾಸಿಗೆಗಳನ್ನು ದೆಹಲಿ ನಿವಾಸಿಗಳಿಗೆ ಮೀಸಲಿಡಲಾಯಿತು. ಅದೇ ತಿಂಗಳು ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. 2020ರ ಜೂನ್‌ನಲ್ಲಿ ಕೋವಿಡ್ ಏರುತ್ತಿದ್ದಾಗ ದೆಹಲಿ ಸರ್ಕಾರದ ಹಾಗೂ ಬಹುತೇಕ ಖಾಸಗಿ ಆಸ್ಪತ್ರೆಗಳು ದೆಹಲಿಯವರಿಗೆ ಮಾತ್ರ ಎಂಬ ನಿರ್ಧಾರ ಬಂತು. ಮರುದಿನವೇ ಉಪರಾಜ್ಯಪಾಲರು ಅದನ್ನು ತಳ್ಳಿಹಾಕಿದರು. ತೆರಿಗೆ ಕಟ್ಟಿದವರಿಗೇ ಮೊದಲ ಹಕ್ಕು ಎಂಬ ಮಾತು ಕೇಳಲು ಸರಿಯೆನಿಸಬಹುದು. ಆದರೆ ದೆಹಲಿಯಲ್ಲಿ ದುಡಿದು, ಬಾಡಿಗೆ ಹೆಚ್ಚೆಂದು ಸಾಹಿಬಾಬಾದಿನಲ್ಲಿ ಮಲಗುವವನು ಯಾವ ಊರಿನವನು? ದುಡಿಮೆಗಾಗಿ ನಾಡು ಬಿಟ್ಟು ಬಂದ ಕನ್ನಡಿಗರು ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾರರು.

ಹಿರಿಯರ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆ ಆಗಿದೆ. 2024ರ ಅಕ್ಟೋಬರ್‌ನಿಂದ 70 ವರ್ಷ ದಾಟಿದ ಎಲ್ಲರನ್ನೂ ಆದಾಯ ನೋಡದೆ ಯೋಜನೆಗೆ ಸೇರಿಸಲಾಯಿತು. ವಯಸ್ಸಿಗೆ ಆಧಾರ್ ಕಾರ್ಡೇ ದಾಖಲೆ. ಸಿಜಿಎಚ್‌ಎಸ್ ಸೌಲಭ್ಯ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಖಾಸಗಿ ವಿಮೆ ಇರುವವರು ಅದನ್ನು ಬಿಡದೆಯೇ ಸೇರಬಹುದು. ನಿವೃತ್ತಿಯ ನಂತರ ವಿಮೆಯ ಕಂತು ಕಟ್ಟಲು ಪಿಂಚಣಿ ಸಾಲದೆ ಒದ್ದಾಡುವವರಿಗೆ ಇದು ಸಣ್ಣ ಆಸರೆಯಲ್ಲ. ದೆಹಲಿ ಸರ್ಕಾರ ತನ್ನ ನಿವಾಸಿಗಳಿಗೆ ಇನ್ನೂ 5 ಲಕ್ಷ ಸೇರಿಸಿ ಒಟ್ಟು 10 ಲಕ್ಷ ಮಾಡಿದೆ. ಇಲ್ಲಿಯೂ ವಿಳಾಸದ ತೊಡಕು ತಪ್ಪಿಲ್ಲ. ಊರಿನ ಮನೆಗೆ ಬೀಗ ಹಾಕಿ ಮಗನ ಮನೆಗೆ ಬಂದ ತಂದೆ ತಾಯಿಯ ಆಧಾರ್‌ನಲ್ಲಿ ಇಂದಿಗೂ ಹಾಸನದ ಅಥವಾ ಧಾರವಾಡದ ವಿಳಾಸವೇ ಇರುತ್ತದೆ.

ಇನ್ನು ಗುಣಮಟ್ಟದ ಮಾತು. ಕಾರ್ಡ್ ನಡೆಯುವುದು ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ. ಸರ್ಕಾರ ಗೊತ್ತುಪಡಿಸಿದ ದರ ಕಡಿಮೆ, ಹಣ ಬರುವುದು ತಡ ಎಂದು ಖಾಸಗಿ ಆಸ್ಪತ್ರೆಗಳ ದೂರು. ಹಾಸಿಗೆ ಖಾಲಿ ಇಲ್ಲ ಎನ್ನುತ್ತಾರೆಂದು ರೋಗಿಗಳ ದೂರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಬಾರದಷ್ಟೆ.

1946ರಲ್ಲಿಯೇ ಭೋರ್ ಸಮಿತಿ, ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದು ಎಂದಿತ್ತು. ಸರ್ಕಾರದ ಲೆಕ್ಕದ ಪ್ರಕಾರವೇ 2021-22ರಲ್ಲಿ ದೇಶದ ಆರೋಗ್ಯ ವೆಚ್ಚದ ಶೇ. 39.4ರಷ್ಟನ್ನು ಜನರು ಕೈಯಿಂದಲೇ ಕೊಟ್ಟಿದ್ದಾರೆ. 2013-14ರಲ್ಲಿ ಇದು ಶೇ. 64.2 ಇತ್ತು. ಇಳಿದಿರುವುದು ನಿಜ, ಸಾಲದೆಂಬುದೂ ನಿಜ. ಹೊರರೋಗಿ ಚಿಕಿತ್ಸೆ ಮತ್ತು ಔಷಧಿಯ ವೆಚ್ಚಕ್ಕೆ ದಾರಿ ಕಾಣುವವರೆಗೆ ಈ ಲೆಕ್ಕ ಸರಿಹೋಗದು.

ಸಂಘ ಸಂಸ್ಥೆಗಳು ಕೂಡಲೇ ಮಾಡಬಹುದಾದ ಕೆಲಸವೊಂದಿದೆ. ಮುಂದಿನ ಕಾರ್ಯಕ್ರಮದ ದಿನ ಸಭಾಂಗಣದ ಬಾಗಿಲಲ್ಲಿ ಒಂದು ಮೇಜು ಹಾಕಿ, ಇಬ್ಬರು ಯುವಕರನ್ನು ಕೂರಿಸಿ, 70 ದಾಟಿದ ಸದಸ್ಯರ ಆಧಾರ್ ನೋಡಿ ಕಾರ್ಡ್ ಮಾಡಿಸಿಕೊಡಬಹುದು. ಸದಸ್ಯರಲ್ಲದಿದ್ದರೂ ಅಡುಗೆಯವರು, ಚಾಲಕರು, ಮನೆಗೆಲಸದವರಾಗಿ ದುಡಿಯುವ ಕನ್ನಡಿಗರನ್ನೂ ಕರೆಯಬೇಕು. ಯೋಜನೆಯ ಸಹಾಯವಾಣಿ 14555. ಆಂಬುಲೆನ್ಸ್ ಬಂದ ಮೇಲೆ ಕಾಗದ ಹುಡುಕುವುದಕ್ಕಿಂತ ಇದು ಮೇಲು.