ಹೆಸರು ಬದಲಿಸಿ ನೋಡಿ

‘ಇಂಥವರ ಪರ ಅದ್ಹೆಂಗೆ ವಾದ ಮಾಡ್ತೀಯಮ್ಮಾ?’ ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ನಾನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಡಿ ಕೆಲಸ ಮಾಡುವ ರಕ್ಷಣಾ ವಕೀಲೆ. ಫೀಸು ಕೊಟ್ಟು ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳ ಪರ ನಿಲ್ಲುವುದು ನನ್ನ ಕೆಲಸ. ಆರೋಪ ಹೊರಿಸುವ ಸರ್ಕಾರಿ ವಕೀಲರ ಸಂಬಳವೂ ಜನರ ತೆರಿಗೆಯದ್ದೇ, ನನ್ನದೂ ಅದೇ. ಸಂವಿಧಾನದ 39ಎ ವಿಧಿ ಹೇಳುವ ಉಚಿತ ಕಾನೂನು ನೆರವು ಎಂದರೆ ಇದೇ.

ಕಳ್ಳತನ, ಹೊಡೆದಾಟದ ಕೇಸುಗಳ ನಡುವೆ ಈಚೆಗೆ ಇನ್ನೊಂದು ಬಗೆಯ ಕಡತಗಳೂ ನನ್ನ ಮೇಜಿಗೆ ಬರುತ್ತಿವೆ. ವಾಟ್ಸ್ಆ್ಯಪ್ ಸ್ಟೇಟಸ್, ಫೇಸ್‌ಬುಕ್ ಕಮೆಂಟ್, ಹದಿನೈದು ಸೆಕೆಂಡಿನ ರೀಲ್ಸ್. ಆರೋಪಿಗಳು ಬಹುಪಾಲು ನಿಮ್ಮದೇ ವಯಸ್ಸಿನವರು. ಒಬ್ಬ ಒಂದು ಪಕ್ಷದ ನಾಯಕರನ್ನು ಗೇಲಿ ಮಾಡಿದವನು, ಇನ್ನೊಬ್ಬ ಎದುರು ಪಕ್ಷದವರನ್ನು. ಇಬ್ಬರ ಪರವೂ ನಾನು ಹೇಳುವ ವಾದ ಒಂದೇ. ಇಬ್ಬರ ತಾಯಂದಿರೂ ಕೋರ್ಟಿನ ಜಗಲಿಯಲ್ಲಿ ಕೇಳುವ ಮಾತೂ ಒಂದೇ: ‘ಮೇಡಮ್ಮೋರೆ, ನನ್ನ ಮಗನಿಗೆ ಕೆಲಸ ಸಿಗ್ತದಾ?’

ಆ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಇಂಥ ಕೇಸಿನಲ್ಲಿ ಕೊನೆಗೆ ಶಿಕ್ಷೆ ಆಗುತ್ತದೋ ಇಲ್ಲವೋ, ಕೇಸು ನಡೆಯುವುದೇ ಒಂದು ಶಿಕ್ಷೆ. ಮೊದಲು ಮೊಬೈಲ್ ಜಪ್ತಿಯಾಗುತ್ತದೆ. ಹಾಲ್ ಟಿಕೆಟ್, ಒಟಿಪಿ, ಬ್ಯಾಂಕು ಎಲ್ಲವೂ ಅದರೊಳಗೇ ಇರುತ್ತವೆ. ಜಾಮೀನಿಗೆ ಪಹಣಿ ಹಿಡಿದು ಬರುವ ನೆಂಟರನ್ನು ಹುಡುಕಬೇಕು. ಆಮೇಲೆ ತಿಂಗಳಿಗೊಂದು ವಾಯಿದೆ. ಸರ್ಕಾರಿ ನೌಕರಿಗೆ ಆಯ್ಕೆಯಾದರೆ ದೃಢೀಕರಣ ನಮೂನೆಯಲ್ಲಿ ‘ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ?’ ಎಂಬ ಕಾಲಂ ಕಾಯುತ್ತಿರುತ್ತದೆ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರ ಮಕ್ಕಳು ಪೌರತ್ವ ಕಾಯ್ದೆ ಕುರಿತು ನಾಟಕ ಆಡಿದ್ದಕ್ಕೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯ ಶಿಕ್ಷಕಿ ಮತ್ತು ವಿದ್ಯಾರ್ಥಿಯೊಬ್ಬರ ತಾಯಿ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸಿದ್ದು 2023ರ ಜೂನ್‌ನಲ್ಲಿ. ನ್ಯಾಯವೇನೋ ಸಿಕ್ಕಿತು. ಆದರೆ ನಡುವಿನ ಮೂರು ವರ್ಷಗಳನ್ನು ಯಾವ ಕೋರ್ಟೂ ಹಿಂತಿರುಗಿಸಲಾರದು.

ಹಾಗಾದರೆ ಯಾರು ಏನು ಬೇಕಾದರೂ ಹೇಳಬಹುದೇ? ಖಂಡಿತ ಇಲ್ಲ. 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಡುತ್ತದೆ, 19(2) ಅದಕ್ಕೆ ಬೇಲಿ ಹಾಕುತ್ತದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಹೀಗೆ ಎಂಟು ಕಾರಣಗಳಿವೆ. ಈ ಪಟ್ಟಿಯಲ್ಲಿ ‘ನನಗೆ ಬೇಜಾರಾಯಿತು’ ಎಂಬ ಕಾರಣ ಇಲ್ಲ. ಒಂದು ಸಮುದಾಯದವರನ್ನು ಹೊಡೆಯಿರಿ ಎಂದು ಕರೆ ಕೊಡುವುದು ಪ್ರಚೋದನೆ. ಸಚಿವರೊಬ್ಬರನ್ನು ಅಸಮರ್ಥ ಎನ್ನುವುದು ಅಭಿಪ್ರಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈ ಗೆರೆಯನ್ನು ಸ್ಪಷ್ಟವಾಗಿ ಎಳೆದ ತೀರ್ಪಿನ ಹಿಂದೆ ಇದ್ದವರೂ ಯುವಜನರೇ. 2012ರಲ್ಲಿ ಬಾಳಾ ಠಾಕ್ರೆ ನಿಧನದ ನಂತರ ನಡೆದ ಬಂದ್ ಅನ್ನು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂಧಿಸಲಾಗಿತ್ತು. ಅದನ್ನು ಕಂಡು ಇಪ್ಪತ್ತರ ಆಸುಪಾಸಿನ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ರದ್ದಾಯಿತು. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ ಎಂದು ಕೋರ್ಟ್ ವಿಂಗಡಿಸಿತು. ಮಾತು ಪ್ರಚೋದನೆಯ ಹಂತ ತಲುಪಿದಾಗಲಷ್ಟೇ ಕಾನೂನು ಕೈಹಾಕಬಹುದು ಎಂದಿತು.

ಇಲ್ಲಿ ರಾಜಕೀಯದ ತಮಾಷೆಯೊಂದಿದೆ. 2008ರಲ್ಲಿ ಆ ಸೆಕ್ಷನ್ ತಂದದ್ದು ಯುಪಿಎ ಸರ್ಕಾರ. 2015ರಲ್ಲಿ ಕೋರ್ಟಿನಲ್ಲಿ ಅದನ್ನು ಸಮರ್ಥಿಸಿಕೊಂಡದ್ದು ಎನ್‌ಡಿಎ ಸರ್ಕಾರ. ವಿರೋಧ ಪಕ್ಷದಲ್ಲಿದ್ದಾಗ ವಾಕ್ ಸ್ವಾತಂತ್ರ್ಯ ಎಲ್ಲರಿಗೂ ಪ್ರೀತಿ, ಕುರ್ಚಿ ಸಿಕ್ಕಮೇಲೆ ಕಾನೂನಿನ ಲಾಠಿ ಪ್ರೀತಿ.

ಇನ್ನೂ ಹಿಂದಕ್ಕೆ ಹೋದರೆ ಇದಕ್ಕಿಂತ ಒಳ್ಳೆಯ ಪಾಠ ಸಿಗುತ್ತದೆ. 1950ರ ಮೇ 26ರಂದು ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಒಂದು ಎಡಪಂಥೀಯ ಪತ್ರಿಕೆ ‘ಕ್ರಾಸ್ ರೋಡ್ಸ್’ನದು. ಮದ್ರಾಸ್ ಸರ್ಕಾರ ಅದನ್ನು ತನ್ನ ರಾಜ್ಯದೊಳಗೆ ಬಾರದಂತೆ ನಿಷೇಧಿಸಿತ್ತು. ಇನ್ನೊಂದು ಆರೆಸ್ಸೆಸ್ ವಿಚಾರಧಾರೆಯ ‘ಆರ್ಗನೈಸರ್’ನದು. ಅಚ್ಚಾಗುವ ಮೊದಲೇ ಬರಹಗಳನ್ನು ಅಧಿಕಾರಿಗಳಿಗೆ ತೋರಿಸಬೇಕೆಂದು ದೆಹಲಿ ಆಡಳಿತ ಅದಕ್ಕೆ ಆದೇಶಿಸಿತ್ತು. ಎಡ, ಬಲ ಎರಡೂ ಅಂದು ಗೆದ್ದವು, ಅದೂ ಒಂದೇ ತತ್ವದ ಮೇಲೆ. ಮರುವರ್ಷವೇ ನೆಹರೂ ಸರ್ಕಾರ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ‘ಸಾರ್ವಜನಿಕ ಸುವ್ಯವಸ್ಥೆ’ಯಂಥ ಕಾರಣಗಳನ್ನು ಸೇರಿಸಿತು. ಅದರ ಜೊತೆಗೇ ನಿರ್ಬಂಧಗಳು ‘ಸಮಂಜಸ’ವಾಗಿರಬೇಕು ಎಂಬ ಪದವೂ ಬಂತು. ನಮ್ಮಂಥ ವಕೀಲರು ಇವತ್ತಿಗೂ ನೆಚ್ಚಿಕೊಂಡಿರುವುದು ಆ ಒಂದು ಪದವನ್ನೇ.

ಊರಿನವರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಕಕ್ಷಿದಾರನ ಮಾತನ್ನು ನಾನು ಒಪ್ಪಬೇಕಿಲ್ಲ. ಎಷ್ಟೋ ಪೋಸ್ಟ್‌ಗಳನ್ನು ಓದುವಾಗ ಮೈ ಉರಿಯುತ್ತದೆ. ಆದರೆ ಅವನ ಮೇಲೆ ಬಳಸಿದ ಸೆಕ್ಷನ್ ಅಲ್ಲಿಗೇ ನಿಲ್ಲುವುದಿಲ್ಲ. ಸರ್ಕಾರ ಬದಲಾದ ಮರುದಿನ ಅದೇ ಸೆಕ್ಷನ್ ನನ್ನ ಕಡೆಯವರ ಮನೆ ಬಾಗಿಲು ತಟ್ಟುತ್ತದೆ. ಅವನಿಗಾಗಿ ಕಟ್ಟಿದ ಗೋಡೆ ನನ್ನನ್ನೂ ಕಾಯುತ್ತದೆ.

ಓದುತ್ತಿರುವ, ಕೆಲಸ ಹುಡುಕುತ್ತಿರುವ ಗೆಳೆಯರು ಕೆಲವು ಸಂಗತಿ ತಿಳಿದಿರಲಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲದಿದ್ದರೆ ಪೊಲೀಸರು ನೋಟಿಸ್ ಕೊಟ್ಟು ಕರೆಯಬೇಕು. ನೋಟಿಸ್ ಬಂದರೆ ತಲೆಮರೆಸಿಕೊಳ್ಳಬೇಡಿ, ಹಾಜರಾಗಿ. ಬಂಧಿಸಿದರೆ ಕಾರಣ ತಿಳಿಯುವ, ವಕೀಲರನ್ನು ಕಾಣುವ ಹಕ್ಕು 22ನೇ ವಿಧಿಯಲ್ಲಿದೆ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100. ನೌಕರಿಯ ನಮೂನೆಯಲ್ಲಿ ಪ್ರಕರಣದ ಬಗ್ಗೆ ಕೇಳಿದ್ದರೆ ಮುಚ್ಚಿಡಬೇಡಿ. ಕ್ಷುಲ್ಲಕ ಪ್ರಕರಣವನ್ನು ಕಡೆಗಣಿಸಲು ನೇಮಕಾತಿ ಮಾಡುವವರಿಗೆ ಅವಕಾಶವಿದೆ ಎಂದು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಚ್ಚಿಟ್ಟದ್ದು ಗೊತ್ತಾದರೆ ಮಾತ್ರ ಆ ಸುಳ್ಳೇ ಕೆಲಸಕ್ಕೆ ಕುತ್ತಾಗಬಹುದು.

2025ರ ಮಾರ್ಚ್‌ನಲ್ಲಿ ಕವಿ, ಸಂಸದ ಇಮ್ರಾನ್ ಪ್ರತಾಪಗಢಿ ಮೇಲಿನ ಎಫ್‌ಐಆರ್ ರದ್ದು ಮಾಡುವಾಗಲೂ ಸುಪ್ರೀಂ ಕೋರ್ಟ್ ಇದೇ ದಾರಿಯಲ್ಲಿ ನಡೆಯಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಅಳತೆಯಿಂದ ನೋಡಬೇಕೇ ಹೊರತು ಎಲ್ಲದರಲ್ಲೂ ಅಪಾಯ ಕಾಣುವವರ ಅಳತೆಯಿಂದಲ್ಲ ಎಂದಿತು. ಕೋರ್ಟಿಗೆ ಹೇಳಿದ ಈ ಮಾತು ನಮಗೂ ಸಲ್ಲುತ್ತದೆ. ನಮಗಾಗದವರ ಪೋಸ್ಟ್ ಕಂಡ ಕೂಡಲೇ ‘ಒಳಗೆ ಹಾಕಿ’ ಎಂದು ಕಮೆಂಟ್ ಹಾಕುವ ಮುನ್ನ ಒಂದು ಕ್ಷಣ ಹೆಸರು ಬದಲಿಸಿ ನೋಡೋಣ. ಅದೇ ಧಾಟಿಯ ಮಾತನ್ನು ನಮ್ಮ ಗೆಳೆಯ, ನಮ್ಮ ನಾಯಕ, ನಮ್ಮ ತಂಗಿ ಆಡಿದ್ದರೆ ಜೈಲು ಬೇಕೆನ್ನುತ್ತಿದ್ದೆವೇ? ಇಲ್ಲ ಎಂದಾದರೆ, ಮಾತಿಗೆ ಮಾತಿನಲ್ಲೇ ಉತ್ತರ ಕೊಡೋಣ. ಪೊಲೀಸರಿಗೆ ಬೇರೆ ಕೆಲಸ ಬೇಕಾದಷ್ಟಿದೆ.